ಗಜಕಡ್ಡಿಯ ಬೆರಳುಗಳು

"ಸೋಮವಾರದಿಂದ ಕಟಿಂಗಿಗೆ ಒಬ್ಬ ಹೆಂಗಸು ಬರ್ತಾಳೆ" ಎಂದು ಮಾಸ್ಟರು ಹೇಳಿದಾಗ ಗುಂಡಿಯಮ್ಮನ ಬಾಯಲ್ಲಿ ದಾರವಿತ್ತು. ಅದನ್ನು ಹಲ್ಲಿನಿಂದ ಕಡಿದು, "ಯಾಕೆ, ನಿಮ್ಮ ಕೈಗೇನಾಯ್ತು?" ಎಂದಳು.

"ಕೈಗಲ್ಲ, ಸೊಂಟಕ್ಕೆ. ಬಗ್ಗಿದ್ರೆ ಏಳೋಕೆ ಇಬ್ಬರು ಬೇಕು." ಮಾಸ್ಟರು ದನಿ ತಗ್ಗಿಸಿದರು. "ಒಳ್ಳೆ ಕೆಲಸದವಳು. ದೊಡ್ಡ ಅಂಗಡೀಲಿ ಕೋಟು ಕತ್ತರಿಸ್ತಿದ್ದಳು. ಏನೋ ಆಪರೇಷನ್ ಆಗಿ ಮನೇಲಿದ್ದಳಂತೆ. ಆ ವಿಷಯ ಯಾರೂ ಕೆದಕಬೇಡಿ."

ಕೆದಕಬೇಡಿ ಎಂದರೆ ಸುಮ್ಮನಿರುವ ಪೈಕಿಯವಳಲ್ಲ ಗುಂಡಿಯಮ್ಮ. ಗಂಡ ತೀರಿಕೊಂಡ ಮೇಲೆ ಈ ಹೊಲಿಗೆ ಅಂಗಡಿಯ ಬಾಗಿಲ ಪಕ್ಕ ಕೂತು ಕಾಜ ಹೊಲಿದು, ಗುಂಡಿ ಹಾಕಿ ಬದುಕು ಸಾಗಿಸಿದವಳು. ಓದು ಅಷ್ಟಕ್ಕಷ್ಟೇ. ಆದರೆ ಯಾರ ಅಂಗಿಯ ಯಾವ ಗುಂಡಿ ಯಾವಾಗ ಕಿತ್ತುಬಂತು ಎಂಬುದು ಅವಳ ತಲೆಯಲ್ಲಿ ಅಚ್ಚೊತ್ತಿರುತ್ತಿತ್ತು. ಹೇಳದೆ ಮುಚ್ಚಿಟ್ಟ ಮಾತೆಂದರೆ ಅವಳಿಗೆ ಹಲ್ಲಿನ ಸಂದಿಗೆ ಸಿಕ್ಕ ನಾರಿದ್ದಂತೆ. ತೆಗೆಯುವವರೆಗೂ ನಾಲಗೆ ಅಲ್ಲೇ ಸುತ್ತುತ್ತಿತ್ತು.

ಸೋಮವಾರ ಬಂದವಳು ಉದ್ದಕ್ಕೆ, ನೆಟ್ಟಗೆ ಇದ್ದಳು. ನಲವತ್ತೈದರ ಆಸುಪಾಸು. ಕುತ್ತಿಗೆಗೆ ಟೇಪು ಹಾಕಿಕೊಂಡೇ ಒಳಗೆ ಬಂದಳು. ಮಷೀನಿನ ಮುಂದೆ ಕೂತಿದ್ದ ಬಾಯಾಳಿ ಹೆಂಗಸು ಒಂದು ಸಲ ಮೇಲಿಂದ ಕೆಳಗೆ ನೋಡಿ, "ಬಟ್ಟೆ ಅಳೆಯೋ ಗಜಕಡ್ಡಿಗೆ ಸೀರೆ ಉಡಿಸಿ ಕಳಿಸಿದ್ದಾರೆ" ಎಂದಳು. ಅಂದಿನಿಂದ ಅವಳು ಗಜಕಡ್ಡಿಯೇ ಆದಳು. ಕರೆದರೆ ಅವಳೂ ನಕ್ಕು ಓಗೊಡುತ್ತಿದ್ದಳು.

ನಗುತ್ತಿದ್ದುದು ಕೆಲವು ದಿನ ಮಾತ್ರ. ಇನ್ನು ಕೆಲವು ದಿನ ಕತ್ತರಿ ಎಲ್ಲಿ ಎಂದು ಕೇಳಿದರೂ ಮೈಮೇಲೆ ಬೀಳುತ್ತಿದ್ದಳು. ಗುಂಡಿಯಮ್ಮ ಸೂಜಿಯ ಮೇಲೆ ಒಂದು ಕಣ್ಣು, ಕಟಿಂಗ್ ಮೇಜಿನ ಮೇಲೆ ಒಂದು ಕಣ್ಣು ಇಟ್ಟಳು. ಗಜಕಡ್ಡಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಹಿಂದಿನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಹೊರಗೆ ಬಂದ ಮೇಲೂ ಬೆರಳು ನೆಟ್ಟಗೆ ಮಡಚುವುದಿಲ್ಲ, ಟೀ ಲೋಟ ಹಿಡಿದರೆ ನಡುಗುತ್ತದೆ. ಎಲ್ಲರೂ ಸ್ವೆಟರ್ ಹಾಕಿಕೊಂಡು ಕೂತಿರುವಾಗ ಅವಳೊಬ್ಬಳಿಗೆ ಫ್ಯಾನ್ ಬೇಕು. ಇದ್ದಕ್ಕಿದ್ದಂತೆ ಮುಖ ಕೆಂಪಾಗುತ್ತದೆ, ಕುತ್ತಿಗೆಯಿಂದ ಬೆವರು ಇಳಿಯುತ್ತದೆ, ಕೈಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಹೋಗುತ್ತಾಳೆ. ಬೆಳಿಗ್ಗೆ ಬಂದಾಗಲೂ, ಹಿತ್ತಲಿಂದ ವಾಪಸಾದಾಗಲೂ ಬಾಯಲ್ಲಿ ಲವಂಗ.

ಗುಂಡಿಯಮ್ಮನಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಕುಡುಕ ಗಂಡನ ಜೊತೆ ಬಾಳಿದವಳು. ಬೆಳಗಿನ ನಡುಕ, ಕೆಂಪು ಮುಖ, ಮೂಗಿನ ತುದಿಯ ಸಿಟ್ಟು, ಬಾಯಲ್ಲಿ ಲವಂಗ, ಎಲ್ಲವನ್ನೂ ಅವಳು ತನ್ನ ಮನೆಯಲ್ಲೇ ಕಂಡಿದ್ದಳು.

"ಹೆಂಗಸರೂ ಕುಡೀತಾರಾ?" ಎಂದು ಬಾಯಾಳಿ ಕಣ್ಣರಳಿಸಿದಳು.

"ಹೆಂಗಸರಿಗೇನು ಗಂಟಲಿಲ್ವಾ?" ಎಂದಳು ಗುಂಡಿಯಮ್ಮ.

ಆದರೂ ಕಣ್ಣಾರೆ ಕಾಣದೆ ಮಾಸ್ಟರ ಕಿವಿಗೆ ಹಾಕುವುದು ಸರಿಯಲ್ಲ ಎನಿಸಿತು. ಮರುದಿನ ಸೂಜಿ ದಾರ ಹಿಡಿದು ನೇರ ಕಟಿಂಗ್ ಮೇಜಿಗೆ ಹೋದಳು. "ಕಣ್ಣು ಮಂಜಾಗಿದೆ ತಾಯಿ, ಸ್ವಲ್ಪ ಪೋಣಿಸಿಕೊಡು."

ಗಜಕಡ್ಡಿ ಬಗ್ಗಿ ಸೂಜಿಯನ್ನು ಬೆಳಕಿಗೆ ಹಿಡಿದಳು. ಗುಂಡಿಯಮ್ಮ ಅವಳ ಬಾಯಿಯ ಹತ್ತಿರ ಮೂಗು ತಂದು ಉಸಿರೆಳೆದಳು. ಲವಂಗ, ಸೋಪು, ಹೊಸ ಬಟ್ಟೆಯ ಗಂಜಿ, ಬೇರೇನೂ ಇಲ್ಲ. ದಾರ ಸೂಜಿಗೆ ಹೋಗಲಿಲ್ಲ. ಬೆರಳು ಎರಡು ಸಲ ಜಾರಿದವು.

"ಏನು ಗುಂಡಿಯಮ್ಮ, ಮೂಸಿ ನೋಡ್ತಿದೀರಾ?"

"ನೆಗಡಿ."

ವಾಸನೆ ಸಿಗದಿದ್ದಕ್ಕೆ ಅನುಮಾನ ಇಳಿಯಬೇಕಿತ್ತು, ಏರಿತು. ವಾಸನೆ ಬರದಂತೆ ಕುಡಿಯುವವಳೆಂದರೆ ಎಂಥ ಪಳಗಿದ ಕೈ ಇರಬೇಕು!

ಅದೇ ವಾರ ಕೋಟಿನ ಪ್ರಸಂಗ ನಡೆಯಿತು. ಒಬ್ಬ ಗಿರಾಕಿ ಒಳ್ಳೆಯ ಉಣ್ಣೆ ಬಟ್ಟೆ ತಂದುಕೊಟ್ಟಿದ್ದ. ಕೋಟಿನ ಮುಂಭಾಗ ಕತ್ತರಿಸುವಾಗ ಬಟ್ಟೆಯ ಹೊರಗೆ ಕಾಣುವ ಬದಿಗಳು ಮುಖಕ್ಕೆ ಮುಖ ಕೂಡುವಂತೆ ಮಡಚಬೇಕು. ಆಗ ಒಂದೇ ಏಟಿಗೆ ಎಡಗಡೆಯದೊಂದು, ಬಲಗಡೆಯದೊಂದು ಬರುತ್ತದೆ. ಕಲಿಯಲು ಬಂದವರಿಗೆ ಮೊದಲ ದಿನ ಹೇಳಿಕೊಡುವ ಪಾಠ. ಗಜಕಡ್ಡಿ ಎರಡು ಪದರವನ್ನೂ ಮುಖ ಮೇಲೆ ಮಾಡಿ ಹಾಸಿ ಕತ್ತರಿಸಿಬಿಟ್ಟಳು. ಬಾಯಾಳಿ ಜೋಡಿಸಲು ಹೋದಾಗ ಎರಡೂ ಎಡಗಡೆಯವೇ.

"ಈ ಗಿರಾಕಿಗೆ ಬಲಗಡೆ ಮೈಯೇ ಇಲ್ವಾ?" ಎಂದು ಬಾಯಾಳಿ ಕೂಗಿದಳು.

ಮಾಸ್ಟರು ಆ ಎರಡು ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರು. ಬೈಯಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ನನಗೆ ಬೇರೆ ದಾರಿ ಇರಲ್ಲಮ್ಮ" ಎಂದರು. ಗಜಕಡ್ಡಿಯ ಮುಖ ಬಿಳಿಚಿತು, ನೋಡುನೋಡುತ್ತಿದ್ದಂತೆ ಕೆಂಪಾಯಿತು, ಹಣೆಯಲ್ಲಿ ಬೆವರು ಒಡೆಯಿತು. ಹಿತ್ತಲಿಗೆ ಓಡಿದಳು.

ಅವಳ ಚಾಕ್ ಡಬ್ಬಿ ಮೇಜಿನ ಮೇಲೇ ಉಳಿಯಿತು. ಯಾರಿಗೂ ಮುಟ್ಟಲು ಬಿಡದ ಡಬ್ಬಿ. ಗುಂಡಿಯಮ್ಮ ಮುಚ್ಚಳ ತೆಗೆದಳು. ಗುರುತು ಹಾಕಿ ಹಾಕಿ ಸವೆದ ಚಾಕಿನ ಚೂರುಗಳು, ಬ್ಲೇಡು, ಗುಂಡುಪಿನ್ನು. ಹೇಗೂ ಕಾಜದ ಗುರುತು ಹಾಕುವುದಿದೆ ಎಂದು ಒಂದು ಬಿಳಿ ಚೂರು ತೆಗೆದು ಬಟ್ಟೆಯ ಮೇಲೆ ಎಳೆದಳು. ಗೆರೆ ಮೂಡಲಿಲ್ಲ. ಇನ್ನೊಂದು ತೆಗೆದಳು, ಅದರಿಂದಲೂ ಗೆರೆ ಬರಲಿಲ್ಲ. ಬೆಳಕಿಗೆ ಹಿಡಿದಾಗ ಗೊತ್ತಾಯಿತು: ಚಾಕಲ್ಲ, ಮಾತ್ರೆ. ಬಾಯಲ್ಲಿಟ್ಟು ಉಗಿದಂತೆ ಮೇಲಿನ ಬಣ್ಣ ಕರಗಿ, ಒರಟಾಗಿ ಒಣಗಿತ್ತು. ಚಾಕಿನ ಚೂರುಗಳ ಅಡಿಯಲ್ಲಿ ಅಂಥವು ಇನ್ನೂ ಇದ್ದವು.

"ಕೊಡಿ ಇಲ್ಲಿ." ಗಜಕಡ್ಡಿ ಹಿಂದೆ ನಿಂತಿದ್ದಳು.

"ಇದೇನು ಮತ್ತು ಬರೋ ಮಾತ್ರೆಯಾ?"

"ಮತ್ತು ಬಂದಿದ್ರೆ ಚೆನ್ನಾಗಿತ್ತು, ನಿದ್ದೆಯಾದ್ರೂ ಮಾಡ್ತಿದ್ದೆ."

"ಸುಳ್ಳು ಹೇಳ್ಬೇಡ. ನಾನು ಕುಡುಕನ ಸಂಸಾರ ಮಾಡಿದವಳು."

ಗಜಕಡ್ಡಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಗುಂಡಿಯಮ್ಮನ ಕೈ ಹಿಡಿದು ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಬಾಟಲಿಯಿರಲಿಲ್ಲ, ಬಿಸಿನೀರಿನ ಬೋಗುಣಿಯಿತ್ತು. ದಿನಾ ಬೆಳಿಗ್ಗೆ ಬೆರಳು ಬಿಡುವವರೆಗೂ ಅದರಲ್ಲಿ ಕೈ ಅದ್ದಿ ಕೂರುತ್ತಿದ್ದಳಂತೆ.

"ಎದೆ ಕ್ಯಾನ್ಸರ್ ಆಗಿತ್ತು. ಎಡಗಡೆದು ತೆಗೆದ್ರು. ಕೂದಲು ಹೋಯ್ತು, ಬಂತು. ಎಲ್ಲ ಮುಗೀತು ಅಂದ್ಕೊಂಡೆ. ಆಮೇಲೆ ಈ ಮಾತ್ರೆ ಕೊಟ್ರು, ಐದು ವರ್ಷ ದಿನಾ ನುಂಗಬೇಕು ಅಂತ. ಮೈಯಲ್ಲಿರೋ ಹಾರ್ಮೋನು ಆ ರೋಗಕ್ಕೆ ಗೊಬ್ಬರ ಇದ್ದ ಹಾಗಂತೆ, ಇದು ಅದನ್ನ ತಡೆಯುತ್ತಂತೆ. ಆದ್ರೆ ಮೈಯೆಲ್ಲ ಒಲೆ. ಕೀಲುಗಳಿಗೆ ತುಕ್ಕು. ನಿದ್ದೆ ಇಲ್ಲ, ತಲೇಲಿ ಮಂಜು. ಕೋಟು ನೋಡಿದ್ರಲ್ಲ?"

"ಮತ್ತೆ ಡಬ್ಬೀಲಿ ಯಾಕಿದೆ? ಹೊಟ್ಟೇಲಿರಬೇಕಿತ್ತಲ್ಲ!"

ಗಜಕಡ್ಡಿ ಬಾಗಿಲ ಕಡೆ ನೋಡಿದಳು. ಅವಳ ಗಂಡ ಬಸ್ ಓಡಿಸುವವನು. ದಿನಾ ಅವಳು ಕೆಲಸಕ್ಕೆ ಹೊರಡುವ ಮುಂಚೆ ತಾನೇ ನೀರು, ಮಾತ್ರೆ ತಂದುಕೊಡುತ್ತಿದ್ದ. ನುಂಗುವವರೆಗೂ ನಿಂತು ನೋಡುತ್ತಿದ್ದ. ಅವಳು ಮಾತ್ರೆಯನ್ನು ನಾಲಗೆಯ ಅಡಿಯಲ್ಲಿಟ್ಟುಕೊಂಡು ನೀರು ಮಾತ್ರ ನುಂಗಿ, ಬೀದಿಯ ತಿರುವು ದಾಟಿದ ಮೇಲೆ ಕರವಸ್ತ್ರಕ್ಕೆ ಉಗಿದು, ಅಂಗಡಿಗೆ ತಂದು ಡಬ್ಬಿಗೆ ಹಾಕುತ್ತಿದ್ದಳು. ಆ ಕಹಿಗೇ ಲವಂಗ. ದಾರಿಯಲ್ಲೇ ಎಸೆಯಬಹುದಿತ್ತಲ್ಲ ಎಂದರೆ, "ಎಸೆಯೋಕೆ ಧೈರ್ಯ ಬರ್ಲಿಲ್ಲ, ನುಂಗೋಕೂ ಬರ್ಲಿಲ್ಲ" ಎಂದಳು.

"ಎಷ್ಟು ದಿನದಿಂದ ಈ ಆಟ?"

"ಈ ಅಂಗಡಿಗೆ ಸೇರಿದಾಗಿನಿಂದ. ಗುಂಡಿಯಮ್ಮ, ಹೊಸ ಬಟ್ಟೆ ಬಣ್ಣ ಬಿಡುತ್ತಾ ಅಂತ ನಾವು ಒಂದು ಚೂರು ಕತ್ತರಿಸಿ ಒಗೆದು ನೋಡಲ್ವಾ? ಹಾಗೇ ನೋಡಿದೆ. ಬಿಟ್ಟು ನೋಡಿದೆ. ಈಗೀಗ ಬೆರಳು ಸಡಿಲ ಆಗ್ತಿದೆ. ಅಂದ್ರೆ ಬಣ್ಣ ಬಿಡ್ತಿರೋದು ಮಾತ್ರೆಯೇ. ನುಂಗಿದ್ರೆ ಕೈ ಹೋಗುತ್ತೆ, ಕೈ ಹೋದ್ರೆ ನಾನ್ಯಾರು?"

"ಬಿಟ್ರೆ ರೋಗ ವಾಪಸು ಬಂದ್ರೆ?"

ಗಜಕಡ್ಡಿ ಎದ್ದಳು. ಬೋಗುಣಿಯ ನೀರು ಚೆಲ್ಲಿದಳು.

ಗುಂಡಿಯಮ್ಮನಿಗೆ ಇಷ್ಟು ದಿನ ಇದ್ದ ಅನುಮಾನ ಬಿಟ್ಟುಹೋಯಿತು, ಅದರ ಜಾಗಕ್ಕೆ ಅದಕ್ಕಿಂತ ದೊಡ್ಡದು ಬಂದು ಕೂತಿತು. ಈಗ ಅವಳ ಗಂಟಲನ್ನೇ ನೋಡತೊಡಗಿದಳು. ಮಧ್ಯಾಹ್ನ ಊಟ ಮಾಡುವಾಗ ಕೇಳಿದಳು: "ಚೂರು ಬಣ್ಣ ಬಿಟ್ರೆ ನೀನು ಇಡೀ ಥಾನು ಬಟ್ಟೆ ತಿಪ್ಪೆಗೆ ಹಾಕ್ತೀಯಾ?"

"ಇಲ್ಲ."

"ಏನ್ ಮಾಡ್ತೀಯ?"

"ಕೊಟ್ಟ ಅಂಗಡಿಗೆ ತಗೊಂಡು ಹೋಗಿ... ಬೇರೆ ಕೊಡಿ ಅಂತ..." ಅರ್ಧಕ್ಕೆ ನಿಲ್ಲಿಸಿದಳು. "ಡಾಕ್ಟರು ಬೈತಾರೆ ಗುಂಡಿಯಮ್ಮ."

"ಬೈಲಿ. ನಾನೂ ಬರ್ತೀನಿ. ಇಬ್ಬರಿಗೂ ಹಂಚಿಕೊಂಡು ಬೈತಾರೆ."

ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಕೂತಾಗಲೂ ಗುಂಡಿಯಮ್ಮ ಅವಳ ಸೆರಗಿನ ತುದಿಯನ್ನು ಹಿಡಿದೇ ಇದ್ದಳು, ಎದ್ದು ಓಡಿಯಾಳೆಂದು. ಡಾಕ್ಟರಮ್ಮ ಬೈಯಲಿಲ್ಲ. ಡಬ್ಬಿಯಲ್ಲಿದ್ದ ಮಾತ್ರೆಗಳನ್ನು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೋದ ಸಲ ಹೇಗಿದೀರಾ ಅಂದಾಗ ಚೆನ್ನಾಗಿದೀನಿ ಅಂದ್ರಲ್ಲ?"

"ಬದುಕಿಸಿದ್ದೀರಿ. ಬೆರಳು ನೋಯುತ್ತೆ ಅಂತ ಹೇಗೆ ಹೇಳ್ಲಿ?"

"ಹೇಳಿದ್ರೆ ತಾನೇ ನನಗೆ ಗೊತ್ತಾಗೋದು? ಈ ಮಾತ್ರೆ ತುಂಬ ಜನರ ಕೀಲು ಹಿಡಿಸುತ್ತೆ. ಕೆಲವು ವಾರ ಬಿಡಿ, ಆಮೇಲೆ ಇದೇ ಕೆಲಸ ಮಾಡೋ ಬೇರೆಯದು ಕೊಡ್ತೀನಿ. ದಿನಾ ನಡೀಬೇಕು, ಕೈಗೆ ವ್ಯಾಯಾಮ ಮಾಡಬೇಕು. ಮೂಳೆನೂ ಒಂದ್ಸಲ ಪರೀಕ್ಷೆ ಮಾಡೋಣ. ಅದೂ ಒಗ್ಗದಿದ್ರೆ ಇನ್ನೊಂದಿದೆ. ಆದ್ರೆ ನಿಲ್ಲಿಸೋದಾದ್ರೆ ನನಗೆ ಹೇಳಿ ನಿಲ್ಲಿಸಿ, ಕದ್ದು ಬೇಡ."

"ಇವಳು ತಲೆ ಆಡಿಸ್ತಾಳೆ, ನಂಬಬೇಡಿ ಡಾಕ್ಟರಮ್ಮ" ಎಂದಳು ಗುಂಡಿಯಮ್ಮ.

ಹೊಸ ಮಾತ್ರೆಯಿಂದ ಎಲ್ಲ ಸರಿಹೋಯಿತೆಂದೇನೂ ಅಲ್ಲ. ಬೆರಳು ಮೊದಲಿಗಿಂತ ಸಡಿಲವಾದವು, ಮೈಯ ಉರಿ ಹಾಗೇ ಉಳಿಯಿತು. ಗಜಕಡ್ಡಿ ಗಂಡನಿಗೂ ಮಾಸ್ಟರಿಗೂ ತಾನೇ ಹೇಳಿದಳು. ಗಂಡ ಎರಡು ದಿನ ಮುನಿಸಿಕೊಂಡಿದ್ದನಂತೆ. ಮಾಸ್ಟರು ಕಟಿಂಗ್ ಮೇಜನ್ನು ಕಿಟಕಿಯ ಬಳಿಗೆ ಎಳೆಸಿದರು. ಬೆಳಿಗ್ಗೆ ಅಳತೆ, ಗುರುತು ಮಾತ್ರ, ಕತ್ತರಿ ಹಿಡಿಯುವುದು ಬಿಸಿಲೇರಿದ ಮೇಲೆ ಎಂದು ಗೊತ್ತುಮಾಡಿದರು. ಕತ್ತರಿಯ ಹಿಡಿಗೆ ಮೆತ್ತನೆ ಬಟ್ಟೆ ಸುತ್ತಿದ್ದು ಬಾಯಾಳಿ. "ಉರಿ ಬಂದಾಗ ನಿನ್ನ ಬೆನ್ನಿಗೆ ಇಸ್ತ್ರಿ ಬಟ್ಟೆ ಇಡ್ತೀನಿ, ಕರೆಂಟು ಉಳಿಯುತ್ತೆ" ಎಂದು ರೇಗಿಸುತ್ತಲೇ ಫ್ಯಾನು ಅವಳ ಕಡೆ ತಿರುಗಿಸುತ್ತಿದ್ದಳು.

ಮಾತ್ರೆ ಈಗ ಅಂಗಡಿಯಲ್ಲೇ, ಊಟದ ಮೇಲೆ. ಕಾವಲು ಗುಂಡಿಯಮ್ಮನದು. ನುಂಗಿದ ಮೇಲೆ ಬಾಯಿ ತೆರೆಸಿ, ನಾಲಗೆ ಎತ್ತಿಸಿ, ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು. ಆಮೇಲೆ ಕರವಸ್ತ್ರ ಕೊಡವಿಸುತ್ತಿದ್ದಳು. ಗಜಕಡ್ಡಿ ಒಂದು ದಿನ ನಕ್ಕಳು, ಒಂದು ದಿನ ಸಿಡುಕಿದಳು, ಆದರೂ ಬಾಯಿ ತೆರೆಯುತ್ತಿದ್ದಳು. ನಾಲಗೆಯ ಅಡಿ ಖಾಲಿಯಿದ್ದರೂ ಗುಂಡಿಯಮ್ಮನಿಗೆ ಸಮಾಧಾನವಿರಲಿಲ್ಲ. ಬೆರಳು ಸಲೀಸಾಗಿ ಆಡಿದ ದಿನವೇ ಅವಳಿಗೆ ಹೆಚ್ಚು ಹೆದರಿಕೆ. ಮಾತ್ರೆ ಬಿಟ್ಟದ್ದಕ್ಕೇ ಸಡಿಲವಾಯಿತೋ ಏನೋ! ಆ ದಿನ ಡಬ್ಬಿಯನ್ನು ತಡಕುತ್ತಿದ್ದಳು.

ಹೀಗೇ ಎರಡು ವರ್ಷ ಕಳೆಯಿತು. ಗುಂಡಿಯಮ್ಮನ ಕಣ್ಣು ನಿಜವಾಗಿಯೂ ಮಂಜಾಯಿತು. ಕಾಜಗಳು ಸೊಟ್ಟಗಾದವು. ಬೇರೆ ಊರಿನಲ್ಲಿದ್ದ ತಂಗಿ, "ಇನ್ನು ಸಾಕು ಅಕ್ಕ, ನನ್ನ ಜೊತೆ ಬಂದು ಇರು" ಎಂದು ಕರೆದಳು. ಹೊರಡುವ ದಿನ ಊಟವಾದ ಮೇಲೆ ಗಜಕಡ್ಡಿ ಮಾತ್ರೆ ನುಂಗಿ, ಕೇಳುವ ಮುಂಚೆಯೇ ಬಾಯಿ ತೆರೆದು ನಾಲಗೆ ಎತ್ತಿದಳು. ಗುಂಡಿಯಮ್ಮ ಬಗ್ಗಿ ನೋಡಿದಳು. ಏನೂ ಕಾಣಲಿಲ್ಲ, ಇಲ್ಲದ್ದಕ್ಕೋ ಕಣ್ಣು ಹೋದದ್ದಕ್ಕೋ ತಿಳಿಯಲಿಲ್ಲ.

"ದಿನಾ ಫೋನ್ ಮಾಡ್ತೀನಿ" ಎಂದಳು, ಬೆದರಿಸುವ ದನಿಯಲ್ಲಿ.

"ಮಾಡಿ." ಗಜಕಡ್ಡಿ ಅವಳ ಚೀಲವನ್ನು ಹೆಗಲಿಗೇರಿಸಿಕೊಂಡು ಬಸ್ಸಿನವರೆಗೂ ಬಂದಳು. ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದು ಹೇಳಿದಳು: "ಒಂದು ಕೇಳ್ಲಾ, ಗುಂಡಿಯಮ್ಮ? ಮನೆಯವರು, ಆಸ್ಪತ್ರೆಯವರು, ನೀವು, ಎಲ್ಲರೂ ಮೊದಲು ಕೇಳೋದು ಮಾತ್ರೆ ನುಂಗಿದ್ಯಾ ಅಂತಾನೇ. ಫೋನ್ ಮಾಡಿದಾಗ ಅದನ್ನೂ ಕೇಳಿ, ಬೇಕಾದ್ರೆ ನಂಬಬೇಡಿ, ಬೈರಿ. ಆದ್ರೆ ಮೊದಲು ಒಂದ್ಸಲ ಕೈ ಹೇಗಿದೆ ಅಂತ ಕೇಳಿ."