ಕೈಗವಸಿನ ಫೋಟೋ

ನನ್ನದೊಂದು ಸಣ್ಣ ಖಾರದಪುಡಿ ಕಾರಖಾನೆ. ತೊಟ್ಟು ಬಿಡಿಸಿದ ಮೆಣಸಿನಕಾಯಿಯನ್ನು ಕುಂದಗೋಳದ ಕಡೆಯ ಒಬ್ಬ ವ್ಯಾಪಾರಿಯಿಂದ ತರಿಸುತ್ತೇನೆ. ತೊಟ್ಟು ಬಿಡಿಸುವ ಹೆಂಗಸರಿಗೆ ಕೈಗವಸು ಕೊಡಬೇಕೆಂದು ಕರಾರು ಹಾಕಿದ್ದೆ. ಕೊಟ್ಟಿದ್ದೇನೆಂದು ಆತ ಫೋಟೋ ಕಳಿಸಿದ್ದ.

ಹೋದ ಬೇಸಿಗೆಯಲ್ಲಿ ಹೇಳದೆ ಕೇಳದೆ ಅಲ್ಲಿಗೆ ಹೋದೆ. ತಗಡಿನ ಶೆಡ್ಡಿನಲ್ಲಿ ಹೆಂಗಸರೆಲ್ಲ ಬರಿಗೈಯಲ್ಲೇ ಕೂತಿದ್ದರು. ರೇಣವ್ವ ಎಂಬವಳ ಕೂಸು ಸೀರೆಯ ಜೋಲಿಯಲ್ಲಿ ಕಿರುಚಿ ಅಳುತ್ತಿತ್ತು. ಅವಳು ಎತ್ತಿಕೊಳ್ಳಲಿಲ್ಲ.

"ಕೂಸಿನ್ನ ಎತ್ಕೋವಾ," ಅಂದೆ.

"ಹೆಂಗ ಎತ್ಲಿರಿ? ನಿನ್ನಿ ಇದ ಖಾರದ ಕೈಲೆ ಅದರ ಮಾರಿ ಒರಸಿದ್ದೆ. ಇನ್ನೂ ಕಣ್ಣ ತಗದಿಲ್ರಿ ಅದು."

"ಕೈಗವಸು ಕೊಟ್ಟಿದ್ರಲ್ಲ?"

"ಫೋಟೋ ಹೊಡದ ಮ್ಯಾಲ ಹೊಳ್ಳಿ ಇಸ್ಕೊಂಡ್ರು ನೋಡ್ರಿ."

ಪಕ್ಕದಲ್ಲೇ ನಿಂತಿದ್ದ ವ್ಯಾಪಾರಿಯನ್ನು ಸಿಟ್ಟಿನಿಂದ ಕೇಳಿದೆ. ಆತ ಹೆದರಲಿಲ್ಲ. "ಅವನ್ನ ಹಾಕ್ಕೊಂಡ್ರ ಕೆಲಸ ಅರ್ಧಾ ಆಗ್ತೈತ್ರಿ. ನೀವು ಕರಾರು ಹಾಕಿದ್ರಿ, ದರಾ ಏರಿಸಿದ್ರೇನು?"

ನಾನು ಏರಿಸಿರಲಿಲ್ಲ. ತಲೆ ತಗ್ಗಿಸಿ ಅಲ್ಲೇ ದರ ಏರಿಸಿದೆ. ಎಲ್ಲರಿಗೂ ಕೈಗವಸು ತರಿಸಿಯೇ ಹೊರಟೆ. ಒಳ್ಳೆಯ ಕೆಲಸ ಮಾಡಿದೆನೆಂದು ದಾರಿಯುದ್ದಕ್ಕೂ ಅನಿಸುತ್ತಿತ್ತು.

ತಿಂಗಳ ಮೇಲೆ ಮತ್ತೆ ಹೋದಾಗ ಎಲ್ಲರೂ ಕೈಗವಸು ಹಾಕಿಕೊಂಡಿದ್ದರು. ರೇಣವ್ವ ಇರಲಿಲ್ಲ.

"ಆಕೀದು ಬಾಯಿ ಭಾಳ ಇತ್ರಿ, ಕೆಲಸಾ ಬಿಡಿಸೇನಿ," ಅಂದ ವ್ಯಾಪಾರಿ.

ವಾಪಸ್ ಕರೆಯಿರಿ ಎಂದು ಜಗಳ ಮಾಡಿದೆ. ಆಕೆ ಕೂಸು ಕಟ್ಟಿಕೊಂಡು ದುಡಿಯಲು ಗೋವೆಗೆ ಹೋಗಿಯಾಗಿತ್ತು.

ಉಳಿದವರನ್ನು ಏನಾದರೂ ತೊಂದರೆ ಇದೆಯೇ ಎಂದು ಕೇಳಿದೆ. "ಅಗದಿ ಆರಾಮ ಅದೀವ್ರಿ," ಅಂದರು, ಎಲ್ಲರೂ ಒಟ್ಟಿಗೆ, ವ್ಯಾಪಾರಿಯ ಮುಖ ನೋಡುತ್ತ.

ಕರಾರಿನ ಪ್ರಕಾರ ತಕರಾರು ಮಾಡಲು ನನಗೇನೂ ಉಳಿದಿರಲಿಲ್ಲ.