ಅಣ್ಣನ ಅಂಗಡಿಯ ಗೋಡೆಗೊಂದು ಪದವಿ

ಸ್ನೇಹಾಗೆ ಗಣಿತವೆಂದರೆ ಪ್ರಾಣ. ಅದು ಅವಳ ಮೊದಲ ತಪ್ಪು. ಮುಂದೇನು ಓದಲಿ ಎಂದು ನನ್ನನ್ನು ಕೇಳಿದ್ದು ಎರಡನೆಯದು.

ನಾನು ವಾಣಿ. ದಾವಣಗೆರೆಯ ವಿದ್ಯಾನಗರದ ಒಂದು ಪಿಯು ಕಾಲೇಜಿನಲ್ಲಿ ಗಣಿತದ ಅತಿಥಿ ಉಪನ್ಯಾಸಕಿ. ಹದಿಮೂರು ವರ್ಷದಿಂದ ಅತಿಥಿಯೇ. ಅತಿಥಿಯನ್ನು ಇಷ್ಟು ದಿನ ಇಟ್ಟುಕೊಂಡು ಇಷ್ಟು ಕಡಿಮೆ ಉಣ್ಣಿಸುವ ಮನೆ ಲೋಕದಲ್ಲಿ ಇನ್ನೊಂದಿಲ್ಲ. ಸ್ನೇಹಾ ಶಾಮನೂರಿನಿಂದ ಸಿಟಿ ಬಸ್ಸಿನಲ್ಲಿ ಬರುತ್ತಿದ್ದಳು. ನಾನು ಬೋರ್ಡಿನ ಮೇಲೆ ಒಂದು ಲೆಕ್ಕ ಬಿಡಿಸಿದರೆ, ಮರುದಿನ ಅವಳು ಅದಕ್ಕಿಂತ ಹತ್ತಿರದ ದಾರಿ ಹುಡುಕಿ ತರುತ್ತಿದ್ದಳು. ತೋರಿಸುವಾಗ ಜಂಬವಿಲ್ಲ, ಏನೋ ಕದ್ದು ಸಿಕ್ಕಿಬಿದ್ದವಳ ಸಂಕೋಚ. ಅಂಥ ಇನ್ನೊಂದು ಮಗು ನನಗೆ ಸಿಕ್ಕಿಲ್ಲ.

ದ್ವಿತೀಯ ಪಿಯುಸಿಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ಬಂತು. ಬಿಎಸ್ಸಿ, ಆಮೇಲೆ ಎಂಎಸ್ಸಿ ಗಣಿತ ಮಾಡಬೇಕೆಂದು ಅವಳ ಆಸೆ. ಬಿ.ಫಾರ್ಮಾಗೆ ಹಾಕಬೇಕೆಂದು ಅಪ್ಪ ಉಜ್ಜನಪ್ಪನ ಹಟ. ಆತ ಒಂದು ದಿನ ಕಾಲೇಜಿಗೇ ಬಂದು ನನ್ನೆದುರು ಕುಳಿತ.

"ಮೇಡಂ, ನೀವೇ ಆಕಿಗೆ ಬುದ್ಧಿ ಹೇಳ್ರಿ. ಗಣಿತ ಓದಿದ್ರೆ ಟೀಚರ್ ಆಗ್ಬೇಕು, ಇಲ್ಲಾ ಮನ್ಯಾಗೆ ಕೂಡಬೇಕು. ಬಿ.ಫಾರ್ಮಾ ಆದ್ರೆ ಆಸ್ಪತ್ರೆ ಐತೆ, ಕಂಪನಿ ಐತೆ. ಹೆಣ್ಣುಮಗಳು ತನ್ನ ಕಾಲ ಮೇಲೆ ತಾನು ನಿಂದರಬೇಕ್ರಿ."

ಎಷ್ಟು ಒಳ್ಳೆಯ ಮಾತು! ಇಂಥ ತಂದೆ ಎಲ್ಲ ಹೆಣ್ಣುಮಕ್ಕಳಿಗೂ ಸಿಗಲಿ ಅಂದುಕೊಂಡೆ. ಆತನ ಮಗ ಬಕ್ಕೇಶ್ ಡಿ.ಫಾರ್ಮಾದಲ್ಲಿ ಮೂರು ಸಲ ಫೇಲಾಗಿ ಮನೆಯಲ್ಲಿ ಕುಳಿತಿದ್ದಾನೆಂಬುದು ನನಗೆ ಗೊತ್ತಿರಲಿಲ್ಲ.

ಮರುದಿನ ಸ್ನೇಹಾ ಬಂದಳು. "ಮಿಸ್, ಖರೇ ಹೇಳ್ರಿ. ಗಣಿತ ಓದಿ ನಿಮಗೆ ಏನಾತು?"

ಅದೇ ಬೆಳಿಗ್ಗೆ ಪ್ರಿನ್ಸಿಪಾಲರು ನನ್ನನ್ನು ಕರೆಸಿ, ಮುಂದಿನ ವರ್ಷ ನಿಮಗೆ ಅರ್ಧದಷ್ಟೇ ಕ್ಲಾಸು ಎಂದಿದ್ದರು. ಅವರೆದುರು ತುಟಿ ಬಿಚ್ಚಲಾಗದ ಸಿಟ್ಟನ್ನು ನಾನು ಆ ಮಗುವಿನ ಮೇಲೆ ತೀರಿಸಿಕೊಂಡೆ.

"ಏನಾಯ್ತು ಅಂತ ಕಣ್ಣಿಗೆ ಕಾಣಲ್ವಾ? ಫಾರ್ಮಾ ತಗೋ. ಲೆಕ್ಕ ಮನೇಲಿ ಕೂತೂ ಮಾಡಬಹುದು."

ಅಪ್ಪ ಒಂದು ವಾರ ಬೈದರೂ ಜಗ್ಗದಿದ್ದವಳು ನನ್ನ ಒಂದು ಮಾತಿಗೆ ಜಗ್ಗಿದಳು. ಅಷ್ಟರಮಟ್ಟಿಗೆ ನನ್ನನ್ನು ನಂಬಿದ್ದಳು, ಹುಚ್ಚಿ.

ಮೊದಲ ವರ್ಷ ಫೋನಿನಲ್ಲಿ ಅತ್ತಳು. ಮೂರನೆಯ ವರ್ಷದ ಹೊತ್ತಿಗೆ ದನಿ ಬದಲಾಗಿತ್ತು. "ಮಿಸ್, ಇದ್ರಾಗೂ ಲೆಕ್ಕ ಐತ್ರಿ. ಔಷಧಿ ಮೈಯಾಗೆ ಎಷ್ಟು ತಾಸಿಗೆ ಅರ್ಧ ಆಗ್ತೈತೆ ಅಂತ ಬಿಡಿಸ್ತಾ ಕುಂತ್ರೆ ಊಟ ಬ್ಯಾಡ ಅನಿಸ್ತೈತೆ." ನಾನು ಮಾಡಿದ ಪಾಪ ಹೇಗೋ ತೊಳೆದುಹೋಯಿತು ಎಂದು ನಿರಾಳವಾದೆ.

ಅವಳು ಪಾಸಾಗಿ, ಫಾರ್ಮಾಸಿಸ್ಟ್ ಎಂದು ನೋಂದಣಿಯಾದ ತಿಂಗಳಲ್ಲೇ ದೇವರಾಜ ಅರಸು ಬಡಾವಣೆಯಲ್ಲಿ ಬಕ್ಕೇಶನ ಮೆಡಿಕಲ್ ಶಾಪ್ ಶುರುವಾಯಿತು. ಓದಿದ ಫಾರ್ಮಾಸಿಸ್ಟಿನ ಹೆಸರಿಲ್ಲದೆ ಔಷಧಿ ಅಂಗಡಿಗೆ ಲೈಸೆನ್ಸ್ ಸಿಗುವುದಿಲ್ಲ. ಒಬ್ಬರ ಹೆಸರನ್ನು ಎರಡು ಕಡೆ ತೋರಿಸುವಂತೆಯೂ ಇಲ್ಲ. ಗಲ್ಲಾದ ಮೇಲೆ ಬಸವಣ್ಣನ ಫೋಟೋ, ಅದರ ಪಕ್ಕ ಕಟ್ಟು ಹಾಕಿಸಿದ ಸ್ನೇಹಾಳ ಸರ್ಟಿಫಿಕೇಟ್, ಕೌಂಟರಿನಲ್ಲಿ ಬಕ್ಕೇಶ್. ಸ್ನೇಹಾ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಇನ್‌ಸ್ಪೆಕ್ಟರ್ ಬರುವ ಸುಳಿವು ಸಿಕ್ಕರೆ ಅಣ್ಣನ ಫೋನ್ ಬರುತ್ತಿತ್ತು. ಆಗ ಬಿಳಿ ಕೋಟು ತೊಟ್ಟು ಸ್ಕೂಟಿಯಲ್ಲಿ ಓಡಿ, ಅರ್ಧ ತಾಸು ಕೌಂಟರಿನಲ್ಲಿ ನಿಂತು, ಸಹಿ ಹಾಕಿ ಬರುತ್ತಿದ್ದಳು. ತನ್ನ ಕಾಲ ಮೇಲೆ ತಾನು ನಿಲ್ಲುವುದೆಂದರೆ ಉಜ್ಜನಪ್ಪನ ಪ್ರಕಾರ ಇಷ್ಟೇ.

ಹೀಗೆ ಎರಡು ವರ್ಷ ಹೋಯಿತು. ಈ ಸಲ ಯುಗಾದಿ ಕಳೆದ ಮೇಲೆ ಅವಳಿಗೆ ಹರಿಹರದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಸೇರಬೇಕಾದರೆ ಅಂಗಡಿಯಿಂದ ಹೆಸರು ಬಿಡಿಸಿಕೊಳ್ಳಬೇಕು. ಅಪ್ಪ ಒಪ್ಪಲಿಲ್ಲ. ಅದೇ ವಾರ ಹರಿಹರದಿಂದಲೇ ಸಂಬಂಧ ಬಂತು. ಹುಡುಗ ವೀರೇಶ್, ಬ್ಯಾಂಕಿನಲ್ಲಿ ಕ್ಲರ್ಕು.

"ಮದುವಿ ಆದ್ರೆ ನನ್ನ ಹೆಸರು ನನಗೆ ವಾಪಸ್ ಸಿಗ್ತೈತೆ ಮಿಸ್. ಭಾನುವಾರ ಮಾತುಕತೆ ಐತೆ. ನೀವು ಬರ್ರಿ, ಒಂದು ಮಾತು ಹಾಕ್ರಿ. ಅಪ್ಪಾಜಿ ನಿಮ್ಮ ಮಾತು ತೆಗೆದುಹಾಕಲ್ಲ." ಗಂಡನಿಗಾಗಿ ಅಲ್ಲ, ಒಂದು ಕೆಲಸಕ್ಕಾಗಿ ಮದುವೆಯಾಗಲು ಹೊರಟಿದ್ದಳು.

ಹೋದೆ. ಶಾಮನೂರಿನ ಮನೆಯ ಹಾಲಿನಲ್ಲಿ ಜಮಖಾನ ಹಾಸಿದ್ದರು. ತಾಯಿ ಕಸ್ತೂರಮ್ಮ ಎಲ್ಲರಿಗೂ ಉಪ್ಪಿಟ್ಟು ಕೊಟ್ಟರು. ವೀರೇಶ್ ಒಳ್ಳೆಯವನಂತೆಯೇ ಕಂಡ. "ಅವರು ಕೆಲ್ಸಕ್ಕೆ ಹೋಗೋದಾದ್ರೆ ಹೋಗ್ಲಿ, ನಮ್ಮದೇನು ಅಡ್ಡಿ ಇಲ್ಲ," ಎಂದ. ಸ್ನೇಹಾ ತಲೆಯೆತ್ತಿ ನನ್ನ ಕಡೆ ನೋಡಿದಳು. ಆ ಮುಖದಲ್ಲಿ ಅಷ್ಟು ಖುಷಿ ಕಂಡು ಆರು ವರ್ಷವಾಗಿತ್ತು.

ಉಜ್ಜನಪ್ಪ ಗಂಟಲು ಸರಿಮಾಡಿಕೊಂಡ. "ಒಂದು ಮಾತು ಮೊದ್ಲೇ ಹೇಳಿಬಿಡ್ತೀನ್ರಿ. ಹುಡುಗಿ ನಿಮ್ಮಾಕಿ. ಸರ್ಟಿಫಿಕೇಟ್ ಮಾತ್ರ ನಮ್ಮ ಅಂಗಡ್ಯಾಗೇ ಇರ್ತೈತೆ. ಹರಿಹರ ಏನು ದೂರ, ಫೋನ್ ಮಾಡಿದ್ರೆ ಬಂದು ಸಹಿ ಹಾಕಿ ಹೋಗ್ಲಿ."

ಹುಡುಗನ ತಂದೆ ಹನುಮಂತಪ್ಪ ತಟ್ಟೆ ಕೆಳಗಿಟ್ಟರು. "ಅದ್ಹೆಂಗ್ರಿ? ನಮ್ಮ ಮನಿ ಮುಂದಿನ ರೂಮು ಖಾಲಿ ಐತೆ. ಸಣ್ಣ ಮಗನಿಗೆ ಮೆಡಿಕಲ್ ಇಡಿಸೋಣ ಅಂತ್ಲೇ ಬಿ.ಫಾರ್ಮಾ ಹುಡುಗಿ ಹುಡುಕಿದ್ದು. ಬರೇ ಹುಡುಗಿ ಸಾಕಿದ್ರೆ ಹತ್ತನೇ ಕ್ಲಾಸು ಓದಿದಾಕಿ ಸಿಕ್ತಿರಲಿಲ್ವಾ?"

ವೀರೇಶ್ ಮೊಬೈಲ್ ನೋಡತೊಡಗಿದ. ಮಾತು ಹಾಕಬೇಕಾದವಳು ನಾನು. "ಅದು ಅವಳು ಓದಿದ..." ಎಂದು ಶುರುಮಾಡಿದೆ. ಕಸ್ತೂರಮ್ಮ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿ, "ಉಣ್ರಿ ಮೇಡಂ, ಆರ್ತೈತೆ," ಎಂದರು. ನಾನು ಉಂಡೆ. ನಾಚಿಕೆಗೆಟ್ಟವಳು, ಪೂರ್ತಿ ಉಂಡೆ.

ಕೊನೆಗೆ ಹಿರಿಯರೇ ದಾರಿ ಕಂಡುಕೊಂಡರು. "ಬಕ್ಕೇಶಂಗೂ ಬಿ.ಫಾರ್ಮಾ ಹೆಣ್ಣೇ ನೋಡ್ತಿದೀವಿ," ಎಂದ ಉಜ್ಜನಪ್ಪ. "ಆಕಿ ಮನಿ ತುಂಬಿದ ದಿನ ಈಕಿ ಸರ್ಟಿಫಿಕೇಟ್ ಬಿಚ್ಚಿ ನಿಮಗೆ ಕಳಿಸ್ತೀವಿ. ಅಲ್ಲೀತನಕ ತಡ್ಕಳ್ರಿ."

"ಹಂಗಾದ್ರೆ ಆತು," ಎಂದರು ಹನುಮಂತಪ್ಪ. "ಲಗೂನ ನೋಡ್ರಿ ಮತ್ತೆ."

"ಅಪ್ಪಾಜಿ," ಎಂದಳು ಸ್ನೇಹಾ. "ಅದು ಆಸ್ಪತ್ರೆಗೆ ನನಗೆ ಬೇಕು."

ಅವಳು ಅಲ್ಲಿ ಕುಳಿತಿದ್ದಾಳೆಂಬುದು ಆಗಷ್ಟೇ ನೆನಪಾದಂತೆ ಎಲ್ಲರೂ ತಿರುಗಿದರು. ಬಕ್ಕೇಶ್ ನಕ್ಕ. ಕಸ್ತೂರಮ್ಮ ಮಗಳ ತೋಳು ಹಿಡಿದು ಎಬ್ಬಿಸಿದರು. "ಹಿರೇರು ಒಪ್ಪಿದ್ರು. ಹೋಗವ್ವ, ಸಕ್ಕರಿ ತಟ್ಟೆ ತಗಂಬಾ."

ಸಕ್ಕರೆಯನ್ನು ಅವಳೇ ಹಂಚಿದಳು. ಮಾವನಾಗುವವರಿಗೆ, ವೀರೇಶನಿಗೆ, ಅಣ್ಣನಿಗೆ. ಕೊನೆಗೆ ನನ್ನ ಮುಂದೆ ಬಾಗಿದಳು.

"ಬರ್ತೀಯೋ ಇಲ್ವೋ ಇವತ್ತೇ ಹೇಳು ಅಂದಿದ್ರು ಆಸ್ಪತ್ರೆಯೋರು ಮಿಸ್," ಎಂದಳು ಸಣ್ಣ ದನಿಯಲ್ಲಿ. "ಬರಲ್ಲ ಅಂತ ಈಗ ಫೋನ್ ಮಾಡ್ಬೇಕು. ಏನು ಕಾರಣ ಹೇಳ್ಲಿ?"

"ಮದುವೆ ಗೊತ್ತಾಯ್ತು ಅಂತ ಹೇಳು," ಎಂದೆ. "ಅದಕ್ಕೆ ಯಾರೂ ಇನ್ನೊಂದು ಪ್ರಶ್ನೆ ಕೇಳಲ್ಲ."

ಅವಳು ಹೂಂ ಎಂದು ತಲೆಯಾಡಿಸಿದಳು. ನಾನು ಸಕ್ಕರೆ ತೆಗೆದು ಬಾಯಿಗೆ ಹಾಕಿಕೊಂಡೆ.