ಉಪ್ಪನ್ನು ಕೈಗೆ ಕೊಡದ ಮನೆಯಲ್ಲಿ ಸ್ಪ್ಯಾನಿಷ್

ತೊಂಬತ್ತರ ದಶಕದ ಮಾತು. ನಮ್ಮೂರು ಚಿನಕುರಳಿ. ಮಗಳ ಮಗಳು ನಮ್ಮ ಮನೆಯಲ್ಲಿದ್ದುಕೊಂಡು, ಬಸ್ಸಲ್ಲಿ ಮೈಸೂರಿಗೆ ಹೋಗಿ, ಒಬ್ಬ ಮೇಡಂ ಹತ್ರ ಸ್ಪ್ಯಾನಿಷ್ ಕಲಿಯುತ್ತಿದ್ದಳು. ಬಾಯಿಪರೀಕ್ಷೆ ಪಾಸಾದರೆ ಶ್ರೀರಂಗಪಟ್ಟಣಕ್ಕೆ ಬರುವ ಫಾರಿನ್‌ನವರಿಗೆ ಊರು ತೋರಿಸುವ ಗೈಡ್ ಕೆಲಸ. ಫೇಲಾದರೆ ಗಂಡು ನೋಡೋದೇ ಸೈ ಅಂತ ಅವರಪ್ಪ ಹೇಳಿಯಾಗಿತ್ತು.

ಅವಳು ತಡವರಿಸುತ್ತಿದ್ದದ್ದು ಒಂದೇ ಕಡೆ. 'ಕೊಡು' ಅನ್ನುವಾಗ 'ನನಗೆ', 'ಅದನ್ನ' ಎರಡನ್ನೂ ಆ ಮಾತಿನ ಬಾಲಕ್ಕೇ ಅಂಟಿಸಬೇಕಂತೆ. 'ದಾಮೆಲೋ', ಒಂದೇ ಉಸಿರಿಗೆ. 'ಕೊಡಬೇಡ' ಅಂದರೆ ಮಾತ್ರ ಅವೆರಡೂ ಮುಂದಕ್ಕೆ ಬರುತ್ತವಂತೆ.

"ಬ್ಯಾಡ ಅಂದ್ರೇನೇ ಮುಂದಕ್ಕೆ ಬತ್ತವಾ? ನಿನ್ನಂಗೇ ಅವೆ ಬುಡು" ಅಂದೆ. ನಾನು ಓದಿದ್ದು ಎರಡನೇ ಕ್ಲಾಸು. "ಅಡುಗೆಮನೆಗೆ ಬಾ. ನೀನು ಹೇಳು, ನಾನು ಮಾಡ್ತೀನಿ."

ನಿಂಬೆಹಣ್ಣಿಗೆ 'ದಾಮೆಲೋ' ಅಂದಳು. ಕೊಟ್ಟೆ. ಉಪ್ಪು ಆ ಭಾಷೆಯಲ್ಲಿ ಹೆಣ್ಣಂತೆ, 'ದಾಮೆಲಾ' ಅಂತ ಕೈ ಚಾಚಿದಳು. ನಾನು ಡಬ್ಬ ನೆಲದ ಮೇಲಿಟ್ಟೆ.

"ಅಜ್ಜಿ, ಕೈಗೆ ಕೊಡು ಅಂದಿದ್ದು."

"ಉಪ್ಪ ಯಾರಾದ್ರೂ ಕೈಗೆ ಕೊಟ್ಟಾರಾ? ನಂಗೂ ನಿಂಗೂ ಜಗಳ ಆಗ್ಬೇಕಾ? ಇಡು ಅನ್ನು."

"ಅಂಗಾದ್ರೆ 'ಪೊನ್‌ಲಾ'."

ಜಗುಲಿಯಿಂದ ಅವಳ ತಾತ ಕೂಗಿದರು: "ನಿಮ್ಮಜ್ಜೀಗೆ ಅಪ್ಪಣೆ ಕೊಡೋ ಧೈರ್ಯ ನಂಗೇ ಇನ್ನೂ ಬಂದಿಲ್ಲ ಕಣವ್ವ!"

ಅಲ್ಲಿಂದಾಚೆ ಉಪ್ಪಿಗೆ ದಿನಾ 'ಪೊನ್‌ಲಾ'ನೇ ಆಯಿತು.

ಪರೀಕ್ಷೆ ನಡೆದದ್ದು ಮೇಡಂ ಮನೆಯ ಊಟದ ಮೇಜಿನ ಮುಂದೆ. ಅವರು ಉಪ್ಪಿನ ಶೀಶೆ ಎತ್ತಿಕೊಂಡು, ಇದನ್ನ ನನ್ನ ಹತ್ರ ಕೇಳು ಅಂದರಂತೆ. ಇವಳ ಬಾಯಿಂದ ಬಂದದ್ದು 'ಪೊನ್‌ಲಾ'. ಮೇಡಂ ತಪ್ಪು ಹಾಕೋಕೆ ಪೆನ್ನು ತೆಗೆದರು. ಆ ಗಾಬರಿಗೆ ಇವಳು, ನಮ್ಮ ಮನೆಯಲ್ಲಿ ಉಪ್ಪು ಯಾಕೆ ಕೈಗೆ ಕೊಡಲ್ಲ ಅನ್ನೋದನ್ನೆಲ್ಲ ಅದೇ ಭಾಷೆಯಲ್ಲಿ, ಎಲ್ಲೂ ನಿಲ್ಲಿಸದೆ ಹೇಳಿಬಿಟ್ಟಳಂತೆ. ಮೇಡಂ ನಗುತ್ತಾ ಶೀಶೆ ಕೆಳಗಿಟ್ಟು, ಪೆನ್ಸಿಲ್ ತೋರಿಸಿದರು. 'ದಾಮೆಲೋ' ಅಂದಳು. ಪಾಸು.

ಸಂಜೆ ನಾನು ಮುದ್ದೆ ಕಟ್ಟುತ್ತಿದ್ದಾಗ ಬಾಗಿಲಲ್ಲಿ ನಿಂತು ಎಲ್ಲ ಹೇಳಿದಳು. ನನ್ನ ಖುಷಿ ಎದೆಯಲ್ಲಿ ಹಿಡಿಸಲಿಲ್ಲ. ಆಗ ಅವಳು 'ಅಬ್ರಾಸಮೆ' ಅಂದಳು. ಅದನ್ನು ನನಗೆ ಹೇಳಿಕೊಟ್ಟಿರಲಿಲ್ಲ.

"ಏನವ್ವ ಅದು? ಕೊಡ್ಬೇಕಾ, ಇಡ್ಬೇಕಾ?"

"ಎರಡೂ ಅಲ್ಲ ಕಣಜ್ಜಿ. ನನ್ನ ತಬ್ಕೋ ಅಂತ."

ಕೈ ತೊಳೆಯೋಕೂ ಹೋಗಲಿಲ್ಲ ನಾನು. ಚೂಡಿದಾರದ ಬೆನ್ನಿಗೆಲ್ಲ ರಾಗಿಹಿಟ್ಟಾಯಿತು. ಅವಳ ತಾತ ಒಳಗೆ ಬಂದು ನೋಡಿ, "ನಂಗೂ ಅದೇ ಅಪ್ಪಣೆ ಕೊಡವ್ವ" ಅಂದರು.